ಬಿ.ಎಡ್ ಮೈಕ್ರೋ ಟೀಚಿಂಗ್: ಆರು ನಿಮಿಷದ ಪಾಠದಿಂದ ಏನಾದ್ರೂ ಬರುತ್ತಾ?

ಕೊಪ್ಪಳದ_ಬಿಎಡ್

ಎಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆಯ ಒಂದು ಕಾಲೇಜಿನಲ್ಲಿ ಬಿ.ಎಡ್ ಮೊದಲ ವರ್ಷದಲ್ಲಿದ್ದೇನೆ. ಭೌತಶಾಸ್ತ್ರ, ಗಣಿತ ನನ್ನ ಮೆಥಡ್ (ಕಲಿಸೋಕೆ ಆರಿಸಿಕೊಂಡ ವಿಷಯ). ಮುಂದಿನ ವಾರದಿಂದ ಮೈಕ್ರೋ ಟೀಚಿಂಗ್ ಶುರು, ಅಂದರೆ ಒಂದೊಂದೇ ಕೌಶಲಕ್ಕೆ ಸಹಪಾಠಿಗಳ ಮುಂದೆ ಪುಟ್ಟ ಪಾಠ ಮಾಡುವ ಅಭ್ಯಾಸ. ಪೀಠಿಕೆ, ಪ್ರಶ್ನೆ ಕೇಳುವುದು, ಉದಾಹರಣೆ ಕೊಟ್ಟು ವಿವರಿಸುವುದು, ಪುನರ್ಬಲನ (ಶಹಬ್ಬಾಸ್ ಹೇಳಿ ಹುರಿದುಂಬಿಸುವುದು), ಕಪ್ಪು ಹಲಗೆ ಅಂತ ಐದು ಕೌಶಲ ಕೊಟ್ಟಿದ್ದಾರೆ. ಒಂದೊಂದಕ್ಕೂ ಲೆಸನ್ ಪ್ಲಾನ್ ಬರೆದು, ಆರು ನಿಮಿಷ ಪಾಠ ಮಾಡಿ, ರೆಕಾರ್ಡ್‌ಗೆ ಸಹಿ ಹಾಕಿಸಬೇಕು.

ಸೀನಿಯರ್ಸ್‌ನ ಕೇಳಿದರೆ ನಗುತ್ತಾರೆ. "ಅದೆಲ್ಲ ನಾಟಕ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ" ಅಂತಾರೆ. ನಮ್ಮ ಗೆಳತಿಯರೇ ಎಂಟನೇ ಕ್ಲಾಸಿನ ಮಕ್ಕಳ ಹಾಗೆ ಕೂರುತ್ತಾರಂತೆ, ಕೇಳಿದ ಪ್ರಶ್ನೆಗೆಲ್ಲ ಸರಿ ಉತ್ತರ ಕೊಡುತ್ತಾರಂತೆ. ಕೊನೆಗೆ ಎಲ್ಲರೂ "ಚೆನ್ನಾಗಿತ್ತು" ಅಂತಾರಂತೆ. ಹೋದ ವರ್ಷದ ರೆಕಾರ್ಡೂ ಕೈಗೆ ಕೊಟ್ಟರು, ನೋಡಿ ಬರಿ ಅಂತ.

ನಾಳೆ ನಿಜವಾದ ಶಾಲೆಗೆ ಹೋದಾಗ ನಲವತ್ತು ನಿಮಿಷದ ಪೀರಿಯಡ್ ಇರುತ್ತೆ. ಅರವತ್ತು ಮಕ್ಕಳು ಇರುತ್ತಾರೆ. ಅಲ್ಲಿಗೆ ಇದು ಏನಾದ್ರೂ ಉಪಯೋಗಕ್ಕೆ ಬರುತ್ತಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಗೆಸ್ಟ್_ಟೀಚರ್_ಸಿಂಧನೂರು

ರೆಕಾರ್ಡ್‌ಗೆ ನೀಟಾಗಿ ಬ್ರೌನ್ ಶೀಟ್ ಹಾಕಿ, ಅಂಡರ್‌ಲೈನ್‌ಗೆ ಕೆಂಪು ಪೆನ್ ಬಳಸಬೇಡಿ. ಇಷ್ಟು ಮಾಡಿದರೆ ಪಾಸ್. 😄

ತಮಾಷೆ ಬಿಡಿ, ನಮ್ಮ ಬ್ಯಾಚಿನಲ್ಲೂ ಹೀಗೇ ಆಗಿತ್ತು. ಯಾರಾದ್ರೂ ಗಂಭೀರವಾಗಿ ಉತ್ತರ ಕೊಡಿ, ನಾನೂ ಓದ್ತೀನಿ.

ನಿವೃತ್ತ_ಮಾಸ್ತರ್_ರಾಯಚೂರು

ನೋಡವ್ವಾ, ನಿಮ್ಮ ಸೀನಿಯರ್ಸ್ ಹೇಳಿದ್ದು ಸುಳ್ಳಲ್ಲ. ಬಹಳ ಕಡೆ ನಡೆಯುವುದು ಅದೇ. ಆದರೆ ಅವರು ಮಾಡಿದ್ದು ಮೈಕ್ರೋ ಟೀಚಿಂಗಿನ ಅರ್ಧ ಭಾಗ ಮಾತ್ರ. ಉಪಯೋಗಕ್ಕೆ ಬರುವುದು ಉಳಿದ ಅರ್ಧ.

ಇದು ಶುರುವಾಗಿದ್ದು 1963ರ ಹೊತ್ತಿಗೆ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ. ಡ್ವೈಟ್ ಆಲನ್ ಮತ್ತು ಅವರ ಜೊತೆಗಾರರು ಇದನ್ನು ರೂಪಿಸಿದರು. ಹೊಸಬರನ್ನು ನೇರವಾಗಿ ತುಂಬಿದ ತರಗತಿಗೆ ಕಳಿಸಿದರೆ ಅವರಿಗೆ ಒಂದೇ ಸಲ ಹತ್ತು ವಿಷಯ ನಿಭಾಯಿಸಬೇಕಾಗುತ್ತೆ. ಮಕ್ಕಳ ಗದ್ದಲ, ಪಾಠದ ವಿಷಯ, ಹಲಗೆ, ಗಡಿಯಾರ, ಹಿಂದೆ ಕೂತು ಬರೆದುಕೊಳ್ಳುತ್ತಿರುವ ಮಾಸ್ತರ್. ಯಾವುದು ತಪ್ಪಿತು ಅಂತ ಗೊತ್ತಾಗುವುದೇ ಇಲ್ಲ. ಹಾಗಾಗಿ ಎಲ್ಲವನ್ನೂ ಚಿಕ್ಕದು ಮಾಡಿದರು. ಐದು ನಿಮಿಷ, ನಾಲ್ಕೈದು ಮಕ್ಕಳು, ಒಂದೇ ಕೌಶಲ. ಪಾಠ ಆದ ಕೂಡಲೇ ತಪ್ಪು-ಸರಿ ಹೇಳುವುದು, ತಿದ್ದಿಕೊಳ್ಳುವುದು, ಅದೇ ಪಾಠವನ್ನು ಬೇರೆ ಮಕ್ಕಳಿಗೆ ಮತ್ತೆ ಮಾಡುವುದು. ಆಗ ವಿಡಿಯೋ ಟೇಪ್ ಹೊಸದಾಗಿ ಬಂದಿತ್ತು, ಅದನ್ನೂ ಬಳಸಿಕೊಂಡರು.

ನಮ್ಮ ದೇಶದಲ್ಲಿ ಮೊದಲ ಪ್ರಯೋಗ 1967ರಲ್ಲಿ ಅಲಹಾಬಾದಿನಲ್ಲಿ ಡಿ.ಡಿ. ತಿವಾರಿ ಅವರಿಂದ ಆಯಿತು. 1970ರ ದಶಕದಲ್ಲಿ ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಬಿ.ಕೆ. ಪಾಸಿ, ಎಂ.ಎಸ್. ಲಲಿತಾ ಮುಂತಾದವರು, ಜೊತೆಗೆ ಶಾಲಾ ಶಿಕ್ಷಣದ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಇಆರ್‌ಟಿಯವರು ಇದನ್ನು ನಮ್ಮ ಕಾಲೇಜುಗಳಿಗೆ ಹೊಂದುವ ಹಾಗೆ ಬದಲಾಯಿಸಿದರು. ಇಲ್ಲಿ ಕ್ಯಾಮೆರಾ ಇರಲಿಲ್ಲ, ಪದೇ ಪದೇ ಮಕ್ಕಳನ್ನು ಕರೆತರುವುದೂ ಕಷ್ಟ. ಅದಕ್ಕೇ ಮಕ್ಕಳ ಜಾಗದಲ್ಲಿ ಸಹಪಾಠಿಗಳು ಬಂದರು, ಕ್ಯಾಮೆರಾ ಜಾಗದಲ್ಲಿ ಅಬ್ಸರ್ವೇಶನ್ ಶೀಟ್ (ನೋಡಿದ್ದನ್ನು ಗುರುತು ಹಾಕುವ ಹಾಳೆ) ಬಂತು.

ಒಂದು ಸುತ್ತಿಗೆ 36 ನಿಮಿಷ ಹಿಡಿಯುತ್ತದೆ. ಪಾಠ 6, ಹಿಮ್ಮಾಹಿತಿ (ತಪ್ಪು-ಸರಿ ಹೇಳುವುದು) 6, ಮತ್ತೆ ಯೋಜನೆ 12, ಮರುಪಾಠ 6, ಮರು ಹಿಮ್ಮಾಹಿತಿ 6. ಎಲ್ಲಕ್ಕಿಂತ ಹೆಚ್ಚು ಹೊತ್ತು ಎಲ್ಲಿಗೆ ಕೊಟ್ಟಿದ್ದಾರೆ ನೋಡು. ತಿದ್ದಿಕೊಳ್ಳುವುದಕ್ಕೆ. ನಮ್ಮಲ್ಲಿ ಮೊದಲ ಹನ್ನೆರಡು ನಿಮಿಷ ಮಾಡಿ ಮುಗಿಸಿಬಿಡುತ್ತಾರೆ. ಮರುಪಾಠದ ಕಾಲಂ ರೆಕಾರ್ಡಿನಲ್ಲಿ ಮನೆಯಲ್ಲಿ ಕೂತು ತುಂಬುತ್ತಾರೆ.

ನಾಟಕ ಅಂತಾರಲ್ಲ, ನಮ್ಮ ಕಡೆ ಬಯಲಾಟದವರು ತಿಂಗಳುಗಟ್ಟಲೆ ತಾಲೀಮು ಮಾಡಿಸುತ್ತಾರೆ. ಒಂದು ಹೆಜ್ಜೆ ತಪ್ಪಿದರೆ ಆ ಹೆಜ್ಜೆಯನ್ನೇ ಮತ್ತೆ ಮತ್ತೆ ಹಾಕಿಸುತ್ತಾರೆ. ನಾಟಕದಷ್ಟು ಮಾಡಿದ್ದರೂ ಸಾಕಿತ್ತು.

ಸೀಮೆಸುಣ್ಣ_ದೇವದುರ್ಗ

ಮಾಸ್ತರ್‌ಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ನಾನು ಒಪ್ಪುವುದಿಲ್ಲ.

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುತ್ತೇನೆ. ಪೀಠಿಕಾ ಕೌಶಲ ಅಂದರೆ ಏನು? ಮಕ್ಕಳಿಗೆ ಮೊದಲೇ ಗೊತ್ತಿರುವುದನ್ನು ನಾಲ್ಕು ಪ್ರಶ್ನೆಯಲ್ಲಿ ಕೆದಕಿ, ಅಲ್ಲಿಂದ ಹೊಸ ಪಾಠಕ್ಕೆ ಬರುವುದು. ಬಿ.ಎಡ್‌ನಲ್ಲಿ ಇದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಆಗುತ್ತೆ. ನಾಲ್ಕನೇ ಪ್ರಶ್ನೆಗೆ ಗೆಳತಿ ಎದ್ದು ನಿಂತು ಪಾಠದ ಹೆಸರನ್ನೇ ಹೇಳಿಬಿಡುತ್ತಾಳೆ.

ನಮ್ಮ ಕಡೆ ಹತ್ತಿ ಬಿಡಿಸುವ ಕಾಲ ಬಂದರೆ ಅರ್ಧ ತರಗತಿ ಖಾಲಿ. ಅದಾದ ಮೇಲೆ ಮೆಣಸಿನಕಾಯಿ. ಕೆಲವು ಮಕ್ಕಳು ಅಪ್ಪ-ಅವ್ವನ ಜೊತೆ ಬೆಂಗಳೂರು, ಹೈದರಾಬಾದ್ ಕಡೆ ಹೋಗಿ ತಿಂಗಳ ಮೇಲೆ ಬರುತ್ತಾರೆ. "ಹಿಂದಿನ ತರಗತಿಯಲ್ಲಿ ಏನು ಕಲಿತಿರಿ?" ಅಂತ ಕೇಳಿದರೆ ಯಾರ ಹಿಂದಿನ ತರಗತಿ? ಮನೆಯಲ್ಲಿ ಲಂಬಾಣಿ ಮಾತಾಡುವ ಮಗು, ತೆಲುಗು ಮಾತಾಡುವ ಮಗು, ಉರ್ದು ಮಾತಾಡುವ ಮಗು ಒಂದೇ ಬೆಂಚಿನಲ್ಲಿ ಕೂತಿರುತ್ತವೆ. ಕನ್ನಡ ಬರುವ ಸಹಪಾಠಿಗಳ ಮುಂದೆ ಆರು ನಿಮಿಷ ನಿಂತು ಇದಕ್ಕೆ ತಯಾರಾಗುವುದು ಹೇಗೆ? ಪಾಠವನ್ನು ಹೀಗೆ ತುಂಡು ತುಂಡು ಮಾಡಿ ಕಲಿಸಿದರೆ ತುಂಡುಗಳೇ ಬರುತ್ತವೆ. ಪಾಠ ಬರುವುದಿಲ್ಲ.

ಟೇಲೆಂಡ್_ಮಾನ್ವಿ

ದೇವದುರ್ಗದ ಸರ್ ಹೇಳಿದ ಕಷ್ಟ ನಿಜ. ನಮ್ಮ ಶಾಲೆಯಲ್ಲೂ ಅದೇ ಗೋಳು. ಆದರೆ ಪ್ರಶ್ನೆ ಕೇಳುವ ಕೌಶಲದ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಇದು ತಾನಾಗಿ ಬರುವುದಿಲ್ಲ. ಇಪ್ಪತ್ತು ವರ್ಷ ಸರ್ವೀಸ್ ಆದವರಿಗೂ ಬಂದಿರುವುದಿಲ್ಲ.

ನಮ್ಮ ಶಾಲೆಗೆ ಪ್ರತಿ ವರ್ಷ ಇಂಟರ್ನ್‌ಶಿಪ್‌ಗೆ ಬಿ.ಎಡ್‌ನವರು ಬರುತ್ತಾರೆ. ನಾನು ವಿಜ್ಞಾನದವನು, ಅವರ ಪಾಠ ಹಿಂದೆ ಕೂತು ನೋಡುತ್ತೇನೆ. ಎಂಟನೇ ತರಗತಿಯ "ಬಲ ಮತ್ತು ಒತ್ತಡ" ಪಾಠ. ಅಣೆಕಟ್ಟಿನ ಗೋಡೆ ತಳದಲ್ಲಿ ಯಾಕೆ ದಪ್ಪ ಅನ್ನೋದು ಅಲ್ಲಿ ಬರುತ್ತೆ. ನಮ್ಮ ಮಕ್ಕಳಿಗೆ ಡ್ಯಾಮ್ ಅಂದರೆ ಟಿಬಿ (ತುಂಗಭದ್ರಾ) ಡ್ಯಾಮ್. ಎಡದಂಡೆ ಕಾಲುವೆ ನೀರು ನಮ್ಮ ಕೊನೆಗೆ ಮುಟ್ಟುತ್ತೋ ಇಲ್ಲವೋ ಅನ್ನೋದು ಮನೆ ಮನೆಯ ಮಾತು. 2024ರ ಆಗಸ್ಟಿನಲ್ಲಿ 33 ಗೇಟುಗಳಲ್ಲಿ 19ನೇ ಗೇಟಿನ ಚೈನ್ ಕಟ್ಟಾಗಿ ಗೇಟು ಕೊಚ್ಚಿ ಹೋದಾಗ ಮಕ್ಕಳೂ ಮೊಬೈಲಿನಲ್ಲಿ ಅದನ್ನೇ ನೋಡುತ್ತಿದ್ದರು. ಇಂಥ ವಿಷಯ ಕೈಯಲ್ಲಿದ್ದರೂ ಹೆಚ್ಚಿನವರ ಪಾಠ ಹೀಗಿರುತ್ತೆ:

"ಡ್ಯಾಮಿನ ಗೋಡೆ ಕೆಳಗೆ ಯಾಕೆ ದಪ್ಪ ಇರುತ್ತೆ?"
"ಗಟ್ಟಿ ಇರಲಿ ಅಂತ ಸರ್."
"ಹಾಂ, ಗಟ್ಟಿ ಇರಬೇಕು. ಯಾಕಂದ್ರೆ ಆಳ ಹೆಚ್ಚಾದಂತೆ ದ್ರವದ ಒತ್ತಡ ಹೆಚ್ಚಾಗುತ್ತದೆ. ಬರ್ಕೊಳ್ಳಿ."

ಮುಗಿಯಿತು. ಪ್ರಶ್ನೆಯೂ ಮಾಸ್ತರದ್ದೇ, ಉತ್ತರವೂ ಮಾಸ್ತರದ್ದೇ. ಈಗ ಇದೇ ಪಾಠವನ್ನು ಕೆದಕುವ ಪ್ರಶ್ನೆ ಕಲಿತವರು ಮಾಡಿದರೆ:

"ಗಟ್ಟಿ ಇರಲಿ ಅಂತ ಸರ್."
"ಸರಿ. ಮೇಲೂ ಗಟ್ಟಿ ಬೇಕಲ್ವಾ? ಕೆಳಗೇ ಯಾಕೆ ಜಾಸ್ತಿ ದಪ್ಪ?"
(ಮೂರು ನಾಲ್ಕು ಸೆಕೆಂಡ್ ಸುಮ್ಮನೆ.)
"ಕೆಳಗೆ ನೀರು ಜಾಸ್ತಿ ಇರುತ್ತೆ ಸರ್."
"ಬಾವಿಯಲ್ಲಿ ಈಜುವವರು ಯಾರಿದ್ದೀರಿ? ತಳಕ್ಕೆ ಮುಳುಗಿದಾಗ ಕಿವಿಗೆ ಏನಾಗುತ್ತೆ?"
"ಕಿವಿ ಗುಂಯ್ ಅನ್ನುತ್ತೆ. ಒತ್ತಿದ ಹಾಗೆ ಆಗುತ್ತೆ."
"ಮೇಲೆ ಮೇಲೆ ಈಜುವಾಗ?"
"ಏನೂ ಆಗಲ್ಲ."
"ಹಿಂದಿನ ಬೆಂಚು, ಇವನು ಹೇಳಿದ್ದಕ್ಕೂ ಡ್ಯಾಮಿನ ಗೋಡೆಗೂ ಏನು ಸಂಬಂಧ?"

ಮೊದಲ ಉತ್ತರವನ್ನು ತಪ್ಪು ಅನ್ನಲಿಲ್ಲ. ಇನ್ನಷ್ಟು ಹೇಳು ಅಂದರು. ಸಿಕ್ಕಿಕೊಂಡಾಗ ಸುಳಿವು ಕೊಟ್ಟರು. ಒಬ್ಬನ ಉತ್ತರವನ್ನು ಇನ್ನೊಬ್ಬನಿಗೆ ದಾಟಿಸಿದರು. ಕೊನೆಗೆ ಪಾಠದ ಮುಖ್ಯ ವಿಷಯಕ್ಕೇ ತಂದು ನಿಲ್ಲಿಸಿದರು. ಬಿ.ಎಡ್ ಪುಸ್ತಕದಲ್ಲಿ ಇದಕ್ಕೆಲ್ಲ ದೊಡ್ಡ ದೊಡ್ಡ ಹೆಸರಿವೆ. ಹೆಸರು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ತರಗತಿಯಲ್ಲಿ ನಿಂತಾಗ ಬಾಯಿಗೆ ಬರುವುದು "ಬರ್ಕೊಳ್ಳಿ" ಮಾತ್ರ.

ಆ ಮೂರು ಸೆಕೆಂಡಿನ ಬಗ್ಗೆ ಒಂದು ಮಾತು. ಮೇರಿ ಬಡ್ ರೋ ಅನ್ನುವ ಅಮೆರಿಕದ ಸಂಶೋಧಕಿ ವಿಜ್ಞಾನ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದರು. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಷ್ಟೇ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, "ಗೊತ್ತಿಲ್ಲ" ಅನ್ನುವುದು ಕಡಿಮೆಯಾಯಿತು. ಹೊಸಬರಿಗೆ ತರಗತಿಯಲ್ಲಿ ಮೂರು ಸೆಕೆಂಡ್ ಸುಮ್ಮನಿರುವುದು ಎಷ್ಟು ಕಷ್ಟ ಅಂತ ನಿಂತವರಿಗೇ ಗೊತ್ತು. ಇದನ್ನು ಅರವತ್ತು ಮಕ್ಕಳ ಮುಂದೆ ಮೊದಲ ಸಲ ಕಲಿಯೋಕಾಗಲ್ಲ. ಆರು ನಿಮಿಷದ ಪಾಠದಲ್ಲಿ ಕಲಿಯಬಹುದು.

ಕೊಪ್ಪಳದ_ಬಿಎಡ್

ಮಾನ್ವಿ ಸರ್, ಬಹಳ ಧನ್ಯವಾದ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಇದೇ ಪಾಠವನ್ನು ನಾನು ಪ್ರಶ್ನೆ ಕೌಶಲಕ್ಕೆ ತಗೊಳ್ಳಬಹುದಾ?

ಒಂದೇ ಅನುಮಾನ. ನನ್ನ ಗೆಳತಿಯರಿಗೆ ಉತ್ತರ ಗೊತ್ತು. ಮೊದಲ ಪ್ರಶ್ನೆಗೇ "ಆಳ ಹೆಚ್ಚಾದಂತೆ ಒತ್ತಡ ಹೆಚ್ಚುತ್ತದೆ" ಅಂದುಬಿಟ್ಟರೆ ನಾನು ಏನು ಕೆದಕಲಿ?

ಎರೆಹೊಲ_ಬಳ್ಳಾರಿ

ಇದಕ್ಕೆ ನಾನು ಉತ್ತರ ಕೊಡುತ್ತೇನೆ, ಇದೇ ನನ್ನ ದಿನದ ಕೆಲಸ. ಬಳ್ಳಾರಿ ಕಡೆಯ ಒಂದು ಬಿ.ಎಡ್ ಕಾಲೇಜಿನಲ್ಲಿ ಉಪನ್ಯಾಸಕಿ.

ಮಕ್ಕಳಾಗಿ ಕೂರುವವರಿಗೂ ಚೀಟಿ ಕೊಡಿ. "ನೀನು ಅರ್ಧ ಉತ್ತರ ಕೊಡು." "ನೀನು ತಪ್ಪು ಉತ್ತರ ಕೊಡು, ಆದರೆ ಮಕ್ಕಳು ನಿಜವಾಗಿ ಕೊಡುವಂಥ ತಪ್ಪು." "ನೀನು ಸುಮ್ಮನಿರು, ಎರಡು ಸಲ ಕೇಳಿದ ಮೇಲೆ ಮಾತಾಡು." "ನಿನಗೆ ಮನೆ ಮಾತು ತೆಲುಗು, ಒತ್ತಡ ಅನ್ನುವ ಪದ ಗೊತ್ತಿಲ್ಲ." ಪಾಠ ಮಾಡುವವರಿಗೆ ಯಾರ ಹತ್ತಿರ ಯಾವ ಚೀಟಿ ಇದೆ ಅಂತ ಹೇಳಬೇಡಿ. ಆಮೇಲೆ ನೋಡಿ, ನಗು ಎಲ್ಲ ನಿಂತುಹೋಗುತ್ತೆ. ಚೀಟಿ ಬರೆಯೋಕೆ ಕೂತಾಗ ಮಕ್ಕಳು ಎಂಥ ತಪ್ಪು ಮಾಡುತ್ತಾರೆ ಅಂತ ಯೋಚಿಸಬೇಕಾಗುತ್ತಲ್ಲ, ಪಾಠ ಮಾಡುವುದಕ್ಕಿಂತ ಅದರಿಂದಲೇ ಹೆಚ್ಚು ಕಲಿಯುತ್ತಾರೆ ಅನ್ನಿಸಿದೆ ನನಗೆ.

ಇನ್ನು ಹಿಮ್ಮಾಹಿತಿ. "ಚೆನ್ನಾಗಿತ್ತು ಮೇಡಂ, ಇನ್ನೂ ಸ್ವಲ್ಪ ಜೋರಾಗಿ ಮಾತಾಡಬೇಕಿತ್ತು" ಅನ್ನುವ ಮಾತನ್ನು ನಾನು ತರಗತಿಯಲ್ಲಿ ಹೇಳೋಕೇ ಬಿಡಲ್ಲ. ನೋಡುವವರು ಅಭಿಪ್ರಾಯ ಹೇಳಬಾರದು, ಎಣಿಸಿದ್ದನ್ನು ಹೇಳಬೇಕು. ಪುನರ್ಬಲನ ಕೌಶಲದ ಪಾಠ ಅಂದುಕೊಳ್ಳಿ. ಒಬ್ಬರು "ವೆರಿ ಗುಡ್" ಎಷ್ಟು ಸಲ ಬಂತು ಅಂತ ಗೀಟು ಹಾಕುತ್ತಾರೆ. ಇನ್ನೊಬ್ಬರು ಮಗುವಿನ ಉತ್ತರವನ್ನು ಶಿಕ್ಷಕಿ ತನ್ನ ಮಾತಿನಲ್ಲಿ ಮತ್ತೆ ಹೇಳಿದ್ದು, ಹಲಗೆ ಮೇಲೆ ಬರೆದದ್ದು ಎಷ್ಟು ಸಲ ಅಂತ ಹಾಕುತ್ತಾರೆ. ಮೂರನೆಯವರು ಯಾವ ಬೆಂಚಿಗೆ ಶಹಬ್ಬಾಸ್ ಸಿಕ್ಕಿತು ಅಂತ ಗುರುತು ಮಾಡುತ್ತಾರೆ. ಕೊನೆಗೆ ಹಾಳೆ ಶಿಕ್ಷಕಿಯ ಮುಂದೆ ಇಟ್ಟರೆ ಸಾಕು. ವೆರಿ ಗುಡ್ ಹದಿನಾಲ್ಕು, ಅದರಲ್ಲಿ ಹನ್ನೊಂದು ಮುಂದಿನ ಬೆಂಚಿಗೆ, ಉತ್ತರ ಹಲಗೆಗೆ ಹೋದದ್ದು ಸೊನ್ನೆ. ಇಷ್ಟು ಕಂಡ ಮೇಲೆ ಯಾರೂ ಏನೂ ಹೇಳಬೇಕಾಗಿಲ್ಲ. ಮರುಪಾಠದಲ್ಲಿ ಏನು ಬದಲಾಯಿಸಬೇಕು ಅಂತ ಅವರಿಗೇ ಗೊತ್ತಾಗುತ್ತೆ.

ನಿವೃತ್ತ ಮಾಸ್ತರ್ ಹೇಳಿದ ಮರುಪಾಠದ ಸಮಸ್ಯೆ ನಿಜ, ಆದರೆ ಅದಕ್ಕೆ ಸೋಮಾರಿತನ ಒಂದೇ ಕಾರಣ ಅಲ್ಲ ಸರ್. ಲೆಕ್ಕ ಹಾಕಿ. ಒಂದು ಯೂನಿಟ್‌ಗೆ 50 ಪ್ರಶಿಕ್ಷಣಾರ್ಥಿಗಳು. ಒಬ್ಬರಿಗೆ 36 ನಿಮಿಷ. ಒಬ್ಬರಾದ ಮೇಲೆ ಒಬ್ಬರು ಅಂದರೆ ಒಂದು ಕೌಶಲಕ್ಕೆ 1800 ನಿಮಿಷ, ಅಂದರೆ 30 ಗಂಟೆ. ಐದು ಕೌಶಲಕ್ಕೆ 150 ಗಂಟೆ. ಯಾವ ಟೈಮ್‌ಟೇಬಲ್ ತಡೆಯುತ್ತೆ? ಹತ್ತತ್ತು ಜನರ ಐದು ಗುಂಪು ಮಾಡಿ ಒಂದೇ ಹೊತ್ತಿಗೆ ನಡೆಸಿದರೆ ಒಂದು ಕೌಶಲಕ್ಕೆ ಆರು ಗಂಟೆ. ಅದು ಸಾಧ್ಯ. ಆದರೆ ಐದು ಗುಂಪಿಗೆ ಐದು ಉಪನ್ಯಾಸಕರು ಬೇಕು. ಎಷ್ಟೋ ಕಾಲೇಜಿನಲ್ಲಿ ಕಾಗದದ ಮೇಲೆ ಇದ್ದಷ್ಟು ಜನ ತರಗತಿಯಲ್ಲಿ ಇರಲ್ಲ. ಹೆಸರು ಹೇಳುವುದು ಬೇಡ.

ನಾವು ಹನ್ನೆರಡು ನಿಮಿಷದ ಮರುಯೋಜನೆಯ ಹೊತ್ತಿಗೆ ಇನ್ನೊಬ್ಬರ ಪಾಠ ಮತ್ತು ಹಿಮ್ಮಾಹಿತಿ ಇಟ್ಟುಬಿಡುತ್ತೇವೆ. ಒಬ್ಬರು ಹೊರಗೆ ಕಟ್ಟೆ ಮೇಲೆ ಕೂತು ತಿದ್ದಿಕೊಳ್ಳುತ್ತಿರುತ್ತಾರೆ, ಒಳಗೆ ಇನ್ನೊಬ್ಬರ ಪಾಠ ನಡೆಯುತ್ತಿರುತ್ತೆ. ಬಹಳ ಹೊತ್ತು ಉಳಿಯುತ್ತೆ.

ನಲಿಕಲಿ_ಗಂಗಾವತಿ

ನೀವೆಲ್ಲ ಹೈಸ್ಕೂಲಿನ ಮಾತು ಆಡ್ತಿದ್ದೀರಿ. ನಾನು ಒಂದರಿಂದ ಮೂರನೇ ತರಗತಿ ನಲಿ-ಕಲಿ (ಚಟುವಟಿಕೆ ಮೂಲಕ ಕಲಿಸುವ ಪದ್ಧತಿ) ಟೀಚರ್. ಮೂರೂ ತರಗತಿ ಒಂದೇ ಕೋಣೆ. ಮಕ್ಕಳು ಗುಂಪು ಗುಂಪಾಗಿ ನೆಲದ ಮೇಲೆ ಕೂತಿರುತ್ತಾರೆ, ಒಂದೊಂದು ಗುಂಪು ಕಲಿಕೆಯ ಒಂದೊಂದು ಮೆಟ್ಟಿಲಿನಲ್ಲಿ ಇರುತ್ತೆ. ನನ್ನ ತರಗತಿಯಲ್ಲಿ ಪೀಠಿಕೆ ಇಲ್ಲ, ಮುಕ್ತಾಯ ಇಲ್ಲ, ಎಲ್ಲರೂ ನೋಡುವ ಹಲಗೆ ಪಾಠವೂ ಕಡಿಮೆ. ಡಿ.ಎಡ್‌ನಲ್ಲಿ ಕಲಿತ ಕೌಶಲದ ಪಟ್ಟಿ ನನಗೆ ಅಷ್ಟಾಗಿ ಉಪಯೋಗಕ್ಕೆ ಬರಲಿಲ್ಲ.

ಆದರೆ ಬಳ್ಳಾರಿ ಮೇಡಂ ಹೇಳಿದ ಚೀಟಿ, ಗೀಟು ಎರಡೂ ನನಗೆ ಹಿಡಿಸಿತು. ನನಗೆ ಬೇಕಾದ ಕೌಶಲ ಬೇರೆ. ಒಂದು ಗುಂಪಿನ ಜೊತೆ ಕೂತಿದ್ದಾಗ ಉಳಿದ ಗುಂಪುಗಳ ಮೇಲೆ ಕಣ್ಣಿಡುವುದು. ಚಟುವಟಿಕೆ ಕಾರ್ಡು ಕೊಡುವಾಗ ಎರಡೇ ವಾಕ್ಯದಲ್ಲಿ ಏನು ಮಾಡಬೇಕು ಅಂತ ಆರು ವರ್ಷದ ಮಗುವಿಗೆ ತಿಳಿಯುವ ಹಾಗೆ ಹೇಳುವುದು. ಇದು ಸಣ್ಣ ವಿಷಯ ಅನ್ನಿಸುತ್ತೆ, ಅಲ್ವಾ? ಹೊಸ ಟೀಚರ್ ಕಾರ್ಡು ಕೊಟ್ಟು ಎರಡು ನಿಮಿಷ ವಿವರಿಸುತ್ತಾರೆ. ಅವರು ಆಚೆ ತಿರುಗಿದ ಕೂಡಲೇ ಮಗು ಬಂದು "ಟೀಚರ್, ಏನು ಮಾಡಬೇಕ್ರೀ?" ಅಂತ ಕೇಳುತ್ತೆ. ಇದನ್ನು ಮೈಕ್ರೋ ಪಾಠ ಮಾಡಿಸಿದರೆ ಮೂರು ನಿಮಿಷ ಸಾಕು. ಎಣಿಸಬೇಕಾದದ್ದು ಒಂದೇ: ಎಷ್ಟು ಮಕ್ಕಳು ಮತ್ತೆ ಎದ್ದು ಬಂದು ಕೇಳಿದರು.

ಸೀಮೆಸುಣ್ಣ_ದೇವದುರ್ಗ

ಚೀಟಿ ಉಪಾಯ ಚಲೋ ಇದೆ, ಒಪ್ಪಿದೆ. "ಹಿಂದಿನ ತಿಂಗಳು ಶಾಲೆಗೆ ಬಂದಿಲ್ಲ" ಅನ್ನುವ ಚೀಟಿಯನ್ನೂ ಸೇರಿಸಿ ಮೇಡಂ. ಅದು ಇಬ್ಬರಿಗಾದರೂ ಇರಲಿ.

ಆದರೂ ನನ್ನ ಮೂಲ ತಕರಾರು ಹಾಗೇ ಇದೆ. ಐದು ಕೌಶಲ ಬೇರೆ ಬೇರೆ ಕಲಿತವರು ಅವನ್ನು ಒಂದು ಪಾಠದಲ್ಲಿ ಸೇರಿಸುವುದು ಯಾವಾಗ? ಇಂಟರ್ನ್‌ಶಿಪ್‌ಗೆ ಬರುವವರನ್ನು ನೋಡಿದ್ದೇನೆ. ಮೊದಲ ಐದು ನಿಮಿಷ ಪೀಠಿಕೆ ಸೊಗಸಾಗಿ ಮಾಡುತ್ತಾರೆ. ಆಮೇಲೆ ಗೈಡ್ ತೆಗೆದು ಓದುತ್ತಾರೆ.

ನಿವೃತ್ತ_ಮಾಸ್ತರ್_ರಾಯಚೂರು

ಅದಕ್ಕೆ ಲಿಂಕ್ ಪಾಠ ಅಂತ ಇದೆ ಸರ್. ಮೂರ್ನಾಲ್ಕು ಕೌಶಲ ಕಲಿತ ಮೇಲೆ ಹದಿನೈದು ಇಪ್ಪತ್ತು ನಿಮಿಷದ ಒಂದು ಪಾಠದಲ್ಲಿ ಅವನ್ನು ಕೂಡಿಸಬೇಕು, ಮಕ್ಕಳ ಸಂಖ್ಯೆಯನ್ನೂ ಸ್ವಲ್ಪ ಏರಿಸಬೇಕು. ಅಲ್ಲಿಂದ ಪೂರ್ತಿ ಪೀರಿಯಡ್. ನಡುವಿನ ಈ ಮೆಟ್ಟಿಲನ್ನೇ ಕಾಲೇಜುಗಳು ಹಾರಿಬಿಡುತ್ತವೆ. ನೇರವಾಗಿ ಆರು ನಿಮಿಷದಿಂದ ನಲವತ್ತಕ್ಕೆ.

2015ರಿಂದ ಬಿ.ಎಡ್ ಎರಡು ವರ್ಷ ಆಯಿತು. ಶಾಲೆಯಲ್ಲಿ ಇರುವ ದಿನಗಳೂ ಹೆಚ್ಚಾದವು, ಎರಡನೇ ವರ್ಷವೇ ಹದಿನಾರು ವಾರ ಇಂಟರ್ನ್‌ಶಿಪ್. ಮೈಕ್ರೋ ಟೀಚಿಂಗನ್ನು ಮೊದಲ ವರ್ಷವೇ ಮುಗಿಸಿ ಮರೆಯುವ ಬದಲು, ಇಂಟರ್ನ್‌ಶಿಪ್ ನಡುವೆ ವಾರಕ್ಕೊಂದು ಸಲ ಯಾಕೆ ಇಡಬಾರದು? ಶಾಲೆಯಲ್ಲಿ ಯಾವ ಪಾಠ ಕೈಕೊಟ್ಟಿತೋ ಅದರ ಆರು ನಿಮಿಷದ ತುಂಡನ್ನು ತಂದು ಮತ್ತೆ ಮಾಡಲಿ. ಮೊದಲು ಮಾಡಿ ಆಮೇಲೆ ಶಾಲೆಗೆ ಹೋಗುವುದಕ್ಕಿಂತ ಇದರಿಂದ ಹೆಚ್ಚು ಲಾಭ ಅಂತ ನನ್ನ ಅನಿಸಿಕೆ.

ದೇವದುರ್ಗದವರು ಎತ್ತಿದ ಇನ್ನೊಂದು ಮಾತು, ನಿಜವಾದ ಮಕ್ಕಳು. ಸ್ಟ್ಯಾನ್‌ಫರ್ಡಿನಲ್ಲಿ ಮೊದಲಿಂದಲೂ ನಿಜವಾದ ವಿದ್ಯಾರ್ಥಿಗಳನ್ನೇ ಕೂರಿಸುತ್ತಿದ್ದರು. ಸಹಪಾಠಿಗಳನ್ನು ಕೂರಿಸುವುದು ನಾವು ಅನುಕೂಲಕ್ಕೆ ಮಾಡಿಕೊಂಡದ್ದು. ಕಾಲೇಜಿನ ಪಕ್ಕದಲ್ಲೇ ಶಾಲೆ ಇದ್ದರೆ ಮರುಪಾಠಕ್ಕಾದರೂ ಐದು ಮಕ್ಕಳನ್ನು ಕರೆಸಬಹುದು. ಹೆಡ್ ಮಾಸ್ತರ್ ಹತ್ತಿರ ಕೇಳಿದರೆ ಬೇಡ ಅನ್ನುವವರು ಕಡಿಮೆ.

ಟೇಲೆಂಡ್_ಮಾನ್ವಿ

ಕೇಳಿ ನೋಡಿ ಮಾಸ್ತರ್. ನಮ್ಮ ಹೆಡ್ ಮಾಸ್ತರ್ ಆದರೆ "ಸಿಲೆಬಸ್ ಯಾರು ಮುಗಿಸ್ತಾರೆ" ಅಂತಾರೆ. 😀 ಆದರೆ ಕೊನೆಯ ಪೀರಿಯಡ್‌ನಲ್ಲಿ, ಆಟದ ಮಾಸ್ತರ್ ಇಲ್ಲದ ದಿನ, ಖಂಡಿತ ಕೊಡುತ್ತಾರೆ.

ಗೆಸ್ಟ್_ಟೀಚರ್_ಸಿಂಧನೂರು

ಓದಿ ನನಗೂ ಆಸೆ ಬಂತು. ಒಂದು ಪ್ರಶ್ನೆ. ಅತಿಥಿ ಶಿಕ್ಷಕರಿಗೆ ತರಬೇತಿ ಅಂತ ಅಷ್ಟಾಗಿ ಸಿಗಲ್ಲ. ಜೂನ್‌ನಲ್ಲಿ ಸೇರುತ್ತೇವೆ, ನೇರ ತರಗತಿಗೆ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಇದನ್ನು ಮಾಡಬಹುದಾ? ಅಲ್ಲಿ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಅವರು ಸುತ್ತೋಲೆ ಓದುತ್ತಾರೆ, ಚಹಾ ಬರುತ್ತೆ, ಯಾರಾದ್ರೂ ಒಬ್ಬರು ಮಾದರಿ ಪಾಠ ಮಾಡುತ್ತಾರೆ. ಅವರು ಮೊದಲೇ ಚೆನ್ನಾಗಿ ಮಾಡುವವರು. ನಾವು ಕೂತು ನೋಡಿ ಬರುತ್ತೇವೆ.

ಇನ್ನೊಂದು, ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ವಿಡಿಯೋ ಮಾಡಿಕೊಂಡರೆ ಅಬ್ಸರ್ವೇಶನ್ ಶೀಟ್ ಯಾಕೆ?

ಎರೆಹೊಲ_ಬಳ್ಳಾರಿ

ಮಾಡಬಹುದು, ಆದರೆ ಜಾಗ್ರತೆ. ಸರ್ವೀಸಿನಲ್ಲಿರುವವರನ್ನು ಇನ್ನೊಬ್ಬ ಶಿಕ್ಷಕರ ಮುಂದೆ ನಿಲ್ಲಿಸಿ ತಪ್ಪು ಹೇಳಿದರೆ ಮುಂದಿನ ತಿಂಗಳು ಯಾರೂ ಮುಂದೆ ಬರಲ್ಲ. ಮೊದಲು ಹಿರಿಯರೊಬ್ಬರು ತಾವೇ ನಿಲ್ಲಬೇಕು. ಸಿಆರ್‌ಪಿ ಅವರೇ ನಿಂತರೆ ಇನ್ನೂ ಒಳ್ಳೆಯದು. ಇಬ್ಬಿಬ್ಬರು ಜೊತೆಯಾಗಿ, ಒಂದು ಮೂಲೆಯಲ್ಲಿ, ಮೂರನೆಯವರು ಎಣಿಸುತ್ತಾ. ಸಭೆಯ ಮುಂದೆ ಪ್ರದರ್ಶನ ಬೇಡ. ಮಾರ್ಕ್ಸ್ ಬೇಡ, ವರದಿಯಂತೂ ಬೇಡವೇ ಬೇಡ. ಮೇಲಕ್ಕೆ ವರದಿ ಹೋಗುತ್ತೆ ಅಂತ ಗೊತ್ತಾದ ಕ್ಷಣ ಎಲ್ಲರ ಪಾಠವೂ "ಚೆನ್ನಾಗಿತ್ತು" ಆಗುತ್ತೆ.

ವಿಡಿಯೋ ಒಳ್ಳೆಯದೇ. ಆದರೆ ವಿಡಿಯೋ ನೋಡುವಾಗ ಹೆಚ್ಚಿನವರು ತಮ್ಮ ಸೀರೆ ಮಡಿಕೆ, ಹೊಟ್ಟೆ, ಧ್ವನಿ ಇವನ್ನೇ ನೋಡುತ್ತಾ ಕೂರುತ್ತಾರೆ. ಶೀಟ್ ಇದ್ದರೆ ಏನು ನೋಡಬೇಕು ಅಂತ ಗೊತ್ತಿರುತ್ತೆ. ಪ್ರಶ್ನೆ ಕೌಶಲಕ್ಕೆ ಬರೀ ಆಡಿಯೋ ರೆಕಾರ್ಡ್ ಸಾಕು. ಮೊಬೈಲ್ ಜೇಬಿನಲ್ಲಿ ಇಟ್ಟುಕೊಂಡು ಪಾಠ ಮಾಡಿ, ಮನೆಗೆ ಹೋಗಿ ಕೇಳಿ. ನೀವು ಎಷ್ಟು ಹೊತ್ತು ಮಾತಾಡಿದಿರಿ, ಮಕ್ಕಳು ಎಷ್ಟು ಹೊತ್ತು? ಕೇಳಿದ ಮೇಲೆ ಎರಡು ದಿನ ಬೇಜಾರಾಗುತ್ತೆ, ಆಮೇಲೆ ಸರಿಯಾಗುತ್ತೆ. ಮಕ್ಕಳು ಇರುವ ವಿಡಿಯೋವನ್ನು ಮಾತ್ರ ಯಾವ ವಾಟ್ಸಾಪ್ ಗ್ರೂಪಿಗೂ ಹಾಕಬೇಡಿ. ಕೇಳಿಯಾದ ಮೇಲೆ ಆಡಿಯೋವನ್ನೂ ಅಳಿಸಿಬಿಡಿ.

ನಲಿಕಲಿ_ಗಂಗಾವತಿ

ಕಪ್ಪು ಹಲಗೆ ಬಗ್ಗೆ ಯಾರೂ ಏನೂ ಹೇಳಲಿಲ್ಲ, ಪಾಪ. ತಂಗಿ, ಅದಕ್ಕೆ ಒಂದೇ ಮಾತು. ಪಾಠ ಆದ ಮೇಲೆ ಹೋಗಿ ಕೊನೆಯ ಬೆಂಚಿನ ಮೂಲೆಯಲ್ಲಿ ಕೂತು ನಿನ್ನ ಅಕ್ಷರ ನೀನೇ ಓದು. ಕಿಟಕಿ ಬೆಳಕು ಹಲಗೆ ಮೇಲೆ ಬಿದ್ದು ಹೊಳೆಯುವ ಜಾಗ ಇರುತ್ತೆ. ಅಲ್ಲಿ ಬರೆದದ್ದು ಆ ಕಡೆ ಕೂತ ಮಕ್ಕಳಿಗೆ ಇಡೀ ವರ್ಷ ಕಾಣುವುದಿಲ್ಲ. ನಮ್ಮ ಬಿಸಿಲಿಗಂತೂ ಇದು ಎಲ್ಲ ಶಾಲೆಯಲ್ಲೂ ಇದೆ. ಬರೀ ಅಕ್ಷರ ದುಂಡಾಗಿದ್ದರೆ ಏನು ಪ್ರಯೋಜನ?

ಕೊಪ್ಪಳದ_ಬಿಎಡ್

ಎಲ್ಲರಿಗೂ ಧನ್ಯವಾದ. ನಮ್ಮ ಗುಂಪಿನಲ್ಲಿ ಹತ್ತು ಜನ ಇದ್ದೇವೆ. ಚೀಟಿ ವಿಷಯ ಹೇಳಿದೆ, ಆರು ಜನ ಒಪ್ಪಿದರು. ಉಳಿದವರು ರೆಕಾರ್ಡ್ ಮುಗಿದರೆ ಸಾಕು ಅಂತಿದ್ದಾರೆ. ಮೆಥಡ್ ಮೇಡಂ ಹತ್ತಿರ ಮರುಪಾಠಕ್ಕೆ ಟೈಮ್ ಕೇಳಿದೆ. "ಶನಿವಾರ ಮಧ್ಯಾಹ್ನ ನೀವೇ ಮಾಡಿಕೊಳ್ಳಿ, ನಾನು ಒಂದು ಗಂಟೆ ಕೂರ್ತೀನಿ" ಅಂದರು. ಪ್ರಶ್ನೆ ಕೌಶಲದಿಂದ ಶುರು ಮಾಡ್ತೀವಿ. ಪಾಠ ಡ್ಯಾಮಿಂದೇ.

ಬಳ್ಳಾರಿ ಮೇಡಂ, ನೀವು ಬಳಸುವ ಎಣಿಕೆ ಹಾಳೆಯಲ್ಲಿ ಏನೇನು ಇರುತ್ತೆ ಅಂತ ಹಾಕ್ತೀರಾ? ನಮ್ಮ ರೆಕಾರ್ಡಿನಲ್ಲಿ ಇರುವುದು "ಉತ್ತಮ, ಸಾಧಾರಣ, ಸುಧಾರಿಸಬೇಕು" ಅಷ್ಟೇ.

ಎರೆಹೊಲ_ಬಳ್ಳಾರಿ

ಪ್ರಶ್ನೆ ಕೌಶಲಕ್ಕೆ ನಮ್ಮದು ಬಹಳ ಸರಳ. ಹಾಳೆ ಅಡ್ಡ ಇಟ್ಟು ಆರು ಕಾಲಂ ಹಾಕಿಕೊಳ್ಳಿ, ಒಂದು ನಿಮಿಷಕ್ಕೆ ಒಂದು. ಎಡಗಡೆ ಮೇಲಿಂದ ಕೆಳಗೆ ಹೀಗೆ ಬರೆಯಿರಿ: ಸುಳಿವು ಕೊಟ್ಟರು. ಇನ್ನಷ್ಟು ಹೇಳು ಅಂದರು. ಇನ್ನೊಬ್ಬರಿಗೆ ದಾಟಿಸಿದರು. ಯಾಕೆ, ಹೇಗೆ ಅಂತ ಕೇಳಿದರು. ಪಾಠದ ವಿಷಯಕ್ಕೆ ತಂದರು. ಮೂರು ಸೆಕೆಂಡ್ ಕಾದರು. ಕೊನೆಯ ಎರಡು ಸಾಲು ಮುಖ್ಯ: ತಾನೇ ಉತ್ತರ ಹೇಳಿಬಿಟ್ಟರು, ಹೌದು-ಇಲ್ಲ ಉತ್ತರದ ಪ್ರಶ್ನೆ ಕೇಳಿದರು. ಆದಾಗೆಲ್ಲ ಗೀಟು.

ಒಬ್ಬರೇ ಎಲ್ಲ ಸಾಲು ನೋಡಬೇಡಿ, ತಪ್ಪಿಹೋಗುತ್ತೆ. ಇಬ್ಬರು ಹಂಚಿಕೊಳ್ಳಿ. ಕಾಯುವ ಸೆಕೆಂಡ್ ಎಣಿಸುವವರು ಬೇರೆಯೇ ಇರಲಿ, ಮೊಬೈಲಿನ ಸ್ಟಾಪ್‌ವಾಚ್ ಇಟ್ಟುಕೊಳ್ಳಲಿ. ಮರುಪಾಠದ ಗೀಟನ್ನು ಅದೇ ಹಾಳೆಯಲ್ಲಿ ಬೇರೆ ಬಣ್ಣದ ಪೆನ್ನಿನಲ್ಲಿ ಹಾಕಿ. ಎರಡೂ ಬಣ್ಣ ಪಕ್ಕಪಕ್ಕ ಕಾಣುತ್ತೆ. ರೆಕಾರ್ಡ್‌ಗೆ ಆ ಹಾಳೆಯನ್ನೇ ಅಂಟಿಸಿ, ನಿಮ್ಮ ಮೇಡಂ ಬೇಡ ಅನ್ನಲಾರರು.

ಗೆಸ್ಟ್_ಟೀಚರ್_ಸಿಂಧನೂರು

ಬೇರೆ ಬಣ್ಣ ಅಂದರೆ ಕೆಂಪು ಪೆನ್ ಓಕೆನಾ ಮೇಡಂ?

ಎರೆಹೊಲ_ಬಳ್ಳಾರಿ

ಹಸಿರು. ಕೆಂಪು ನಮ್ಮ ಸಹಿಗೆ ಬಿಡಿ.